ಹೆಸರು ವಕೀಲ್, ವೃತ್ತಿ ವೈದ್ಯ: ಒಂದು ಬೇರನ್ನು ಅಳೆದು ನೋಡಿದ ಡಾ. ರುಸ್ತುಂ ಜಾಲ್ ವಕೀಲ್

ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಜೀವವೈವಿಧ್ಯದ ಪಾಠವೊಂದಿದೆ. ಅದರಲ್ಲಿ ರಾವುಲ್ಫಿಯಾ ಎಂಬ ಗಿಡದ ಹೆಸರೂ ಅದರೊಳಗಿನ ರೆಸರ್ಪಿನ್ ಎಂಬ ರಾಸಾಯನಿಕದ ಹೆಸರೂ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತವೆ. ಆ ಗಿಡ ಬೆಳೆದ ಜಾಗ ಬದಲಾದರೆ ಅದರೊಳಗಿನ ಔಷಧದ ಪ್ರಮಾಣ ಮತ್ತು ಶಕ್ತಿಯೂ ಬದಲಾಗಬಹುದು ಎನ್ನುವುದು ಆ ವಾಕ್ಯದ ಸಾರ. ಒಂದು ಅಂಕದ ಪ್ರಶ್ನೆ ಬರಬಹುದೆಂದು ನಾನೂ ಅದರ ಕೆಳಗೆ ಗೆರೆ ಎಳೆದು ಮುಂದೆ ಹೋಗಿದ್ದೆ. ಆ ಗೆರೆಗೆ ಮತ್ತೆ ಬರುವಂತೆ ಮಾಡಿದ್ದು ನಮ್ಮ ದಾದಿ.

ನಮ್ಮ ಮನೆ ಚನ್ನರಾಯನದುರ್ಗದ ಬೆಟ್ಟ ಕಾಣುವ ಊರಿನಲ್ಲಿದೆ. ದಾದಿಗೆ ಏಳೆಂಟು ವರ್ಷದಿಂದ ಬಿ.ಪಿ. ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು ಮಾತ್ರೆ ಕೊಡುತ್ತಾರೆ. ಕಳೆದ ವರ್ಷ ಯಾರೋ ಒಬ್ಬರು ಬೇರಿನ ಪುಡಿಯ ಪೊಟ್ಟಣ ತಂದುಕೊಟ್ಟರು. ಇದನ್ನು ನಲವತ್ತು ದಿನ ತೆಗೆದುಕೊಂಡರೆ ಮಾತ್ರೆಯೇ ಬೇಡ ಅಂದರು. ದಾದಿ ಮಾತ್ರೆ ನಿಲ್ಲಿಸಿದರು. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಕಾಯಿಲೆ ಹೋಯಿತೆಂದೇ ಎಲ್ಲರೂ ತಿಳಿದೆವು. ಒಂದು ದಿನ ಫಜರ್ ನಮಾಜಿಗೆ ವುಜೂ ಮಾಡುವಾಗ ಬಲಗೈಯಿಂದ ಚೊಂಬು ಜಾರಿತು. ಮತ್ತೆ ಹಿಡಿಯಲು ಹೋದರೆ ಬೆರಳು ಮಾತು ಕೇಳಲಿಲ್ಲ. ತುಮಕೂರಿಗೆ ಕರೆದುಕೊಂಡು ಹೋದಾಗ ಮೇಲಿನ ಬಿ.ಪಿ. 200 ದಾಟಿತ್ತು. ಈಗ ದಾದಿ ನಡೆಯುತ್ತಾರೆ, ಮಾತನಾಡುತ್ತಾರೆ. ಆದರೆ ರೊಟ್ಟಿ ತಟ್ಟುವುದು ಆ ಕೈಯಿಂದ ಆಗುತ್ತಿಲ್ಲ.

ಆಗ ನನಗೆ ಬೇರು, ನಾರು ಎಲ್ಲದರ ಮೇಲೂ ಕೋಪ ಬಂದಿತ್ತು. ಗಿಡಮೂಲಿಕೆ ಅಂದರೆ ಬರೀ ಮೋಸ ಎಂದು ತರಗತಿಯಲ್ಲಿ ಜೋರಾಗಿಯೇ ಹೇಳಿದೆ. ನಮ್ಮ ಜೀವಶಾಸ್ತ್ರದ ಮೇಡಂ ಬೈಯಲಿಲ್ಲ. ಪುಸ್ತಕದಲ್ಲಿ ನಾನು ಗೆರೆ ಎಳೆದಿದ್ದ ವಾಕ್ಯವನ್ನೇ ತೋರಿಸಿ, ರುಸ್ತುಂ ಜಾಲ್ ವಕೀಲ್ ಎಂಬ ವೈದ್ಯರ ಬಗ್ಗೆ ಓದಿಕೊಂಡು ಬಾ ಎಂದರು. ಹಾಗೆ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಕೀಲ್ ಅವರು 1911ರಲ್ಲಿ ಮುಂಬೈಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿದರು. ಹೆಸರು ವಕೀಲ್ ಆದರೂ ಓದಿದ್ದು ವೈದ್ಯಶಾಸ್ತ್ರ, ಅದೂ ಲಂಡನ್ನಿನಲ್ಲಿ. ಓದು ಮುಗಿಸಿ ಮುಂಬೈಗೆ ಮರಳಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ವೈದ್ಯರಾಗಿ, ಅದರ ಜೊತೆಗಿರುವ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಕೆಲಸ ಮಾಡಿದರು. ಹೃದ್ರೋಗ ಅವರು ಆರಿಸಿಕೊಂಡ ವಿಷಯ. ಭಾರತದಲ್ಲಿ ಹೃದ್ರೋಗ ಶಾಸ್ತ್ರ ಪ್ರತ್ಯೇಕ ವಿಷಯವಾಗಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ ಅದು. ಇಂದು ಅವರನ್ನು ಭಾರತದ ಆಧುನಿಕ ಹೃದ್ರೋಗ ಶಾಸ್ತ್ರದ ಪಿತಾಮಹ ಎಂದು ಕರೆಯುತ್ತಾರೆ.

ಅವರ ಕೆಲಸದ ಬೆಲೆ ಗೊತ್ತಾಗಬೇಕಾದರೆ ಆ ಕಾಲದಲ್ಲಿ ರಕ್ತದೊತ್ತಡದ ರೋಗಿಯ ಪಾಡು ಏನಿತ್ತು ಎಂದು ತಿಳಿಯಬೇಕು. ಬಿ.ಪಿ. ಅಳೆಯುವ ಪಟ್ಟಿ ಮತ್ತು ಪಾದರಸದ ಕೊಳವೆ ಇದ್ದವು. ಒತ್ತಡ ಎಷ್ಟಿದೆ ಎಂದು ವೈದ್ಯರು ಹೇಳಬಲ್ಲವರಾಗಿದ್ದರು. ಇಳಿಸಲು ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಿದ್ದೆ ಬರಿಸುವ ಔಷಧ, ವಿಶ್ರಾಂತಿ, ಉಪ್ಪಿಲ್ಲದ ಅನ್ನದ ಪಥ್ಯ, ತೀರಾ ಕೆಟ್ಟ ಸ್ಥಿತಿಯಲ್ಲಿ ಬೆನ್ನುಹುರಿಯ ಪಕ್ಕದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅವರ ಬಿ.ಪಿ. 300/190 ಇತ್ತು. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷನಿಗೂ ಕೊಡಲು ಒಳ್ಳೆಯ ಮಾತ್ರೆ ಇರಲಿಲ್ಲ. ನಮ್ಮ ದಾದಿಗೆ ಇಂದು ಪುಕ್ಕಟೆಯಾಗಿ ಸಿಗುವುದು ಅವರಿಗೆ ಅಂದು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಆದರೆ ನಮ್ಮ ನಾಡಿನ ಕಾಡುಗಳಲ್ಲಿ ಒಂದು ಸಣ್ಣ ಗಿಡ ಇತ್ತು. ಕನ್ನಡದಲ್ಲಿ ಸರ್ಪಗಂಧ, ಯುನಾನಿ ಹಕೀಮರ ಮಾತಿನಲ್ಲಿ ಅಸ್ರೋಲ್. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಇದರ ಬೇರನ್ನು ಹಾವು ಕಚ್ಚಿದ್ದಕ್ಕೆ, ನಿದ್ದೆಗೆ, ಬುದ್ಧಿಭ್ರಮಣೆಗೆ ಜನ ಬಳಸುತ್ತಿದ್ದರು. ಅದರ ಶಾಸ್ತ್ರೀಯ ಹೆಸರು ರಾವುಲ್ಫಿಯಾ ಸರ್ಪೆಂಟಿನಾ. ಹದಿನಾರನೇ ಶತಮಾನದಲ್ಲಿ ಅಲೆಪ್ಪೊ, ಬಾಗ್ದಾದ್‌ಗಳವರೆಗೆ ಗಿಡಗಳನ್ನು ಹುಡುಕಿ ತಿರುಗಿದ ಜರ್ಮನ್ ವೈದ್ಯ ರಾವುಲ್ಫ್ ಅವರ ನೆನಪಿಗೆ ಇಟ್ಟ ಹೆಸರು ಅದು. ನಮ್ಮ ಪಾಠದಲ್ಲಿರುವುದು ಅದೇ ಕುಲದ ಇನ್ನೊಂದು ಜಾತಿ.

ವಕೀಲ್ ಅವರಿಗಿಂತ ಮೊದಲೇ ಈ ಬೇರಿನ ಗುಟ್ಟು ಹುಡುಕಿದವರು ಇದ್ದರು. ಅವರನ್ನು ಬಿಟ್ಟು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ದೆಹಲಿಯ ಹಕೀಮ್ ಅಜ್ಮಲ್ ಖಾನ್ ಅವರ ಹೆಸರನ್ನು ನಾವು ಇತಿಹಾಸದಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ, ಜಾಮಿಯಾ ಮಿಲ್ಲಿಯಾದ ಮೊದಲ ಕುಲಾಧಿಪತಿಯಾಗಿ ಓದುತ್ತೇವೆ. ಅವರು ಕಟ್ಟಿದ ತಿಬ್ಬಿಯಾ ಕಾಲೇಜಿನಲ್ಲಿ ಹಳೆಯ ಔಷಧಗಳನ್ನು ಹೊಸ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕೆಂಬುದು ಅವರ ಆಸೆಯಾಗಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರೇಟ್ ಮುಗಿಸಿದ ಯುವಕ ಸಲೀಮುಝ್ಝಮಾನ್ ಸಿದ್ದೀಕಿ ಆ ಕೆಲಸಕ್ಕೆ ಬಂದರು. 1931ರಲ್ಲಿ ಸಿದ್ದೀಕಿ ಮತ್ತು ಅವರ ಸಹೋದ್ಯೋಗಿ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಅಷ್ಟರಲ್ಲಿ ತೀರಿಹೋಗಿದ್ದ ಹಕೀಮ್ ಸಾಹೇಬರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದ ಲಯ ತಪ್ಪುವ ಬ್ರುಗಾಡಾ ಎಂಬ ಅಪರೂಪದ ಕಾಯಿಲೆಯನ್ನು ಪತ್ತೆ ಮಾಡಲು ವೈದ್ಯರು ಇಂದಿಗೂ ಅಜ್ಮಲೀನ್ ಬಳಸುತ್ತಾರೆ. ಒಬ್ಬ ಹಕೀಮರ ಹೆಸರು ಹೃದ್ರೋಗ ವಿಭಾಗಗಳಲ್ಲಿ ಹೀಗೆ ಉಳಿದಿದೆ.

ಅದೇ 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಮಾನಸಿಕ ಕಾಯಿಲೆಯ ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಮೊಹಮ್ಮದ್ ಮನಾಲ್ ಎಂಬ ಯುವಕ ಹಿಮಾಲಯ ಡ್ರಗ್ ಕಂಪನಿ ಆರಂಭಿಸಿದರು. ನಾಲ್ಕು ವರ್ಷದ ನಂತರ ಇದೇ ಬೇರಿನ ಮಾತ್ರೆ ಸರ್ಪಿನಾ ಎಂಬ ಹೆಸರಿನಲ್ಲಿ ಅಲ್ಲಿಂದ ಹೊರಬಂತು. ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಮಾಕಳಿಯಲ್ಲಿ ಕಾಣುವ ಹಿಮಾಲಯ ಕಂಪನಿ ಅದೇ. ಎಷ್ಟೋ ಸಲ ಅದರ ಮುಂದೆ ಹೋಗಿದ್ದೇನೆ, ಫೇಸ್‌ವಾಷ್ ಮಾಡುವ ಕಂಪನಿ ಎಂದಷ್ಟೇ ಗೊತ್ತಿತ್ತು.

ಅಂದರೆ ಬೇರು ಇತ್ತು, ಅದರ ರಾಸಾಯನಿಕಗಳು ಗೊತ್ತಾಗುತ್ತಿದ್ದವು, ಮಾತ್ರೆ ಅಂಗಡಿಯಲ್ಲಿ ಸಿಗುತ್ತಿತ್ತು, ಭಾರತದ ಹಲವು ವೈದ್ಯರು ಕೊಡುತ್ತಲೂ ಇದ್ದರು. ಆದರೂ ಹೊರಜಗತ್ತಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. ವಕೀಲ್ ಅವರ ಕೆಲಸ ಇಲ್ಲಿಂದ ಶುರುವಾಗುತ್ತದೆ. ಅವರು ಹಲವು ವರ್ಷ ಈ ಬೇರಿನ ಮಾತ್ರೆಯನ್ನು ತಮ್ಮ ರೋಗಿಗಳಿಗೆ ಕೊಟ್ಟು ಗಮನಿಸಿದರು. ಕೊನೆಗೆ 50 ರೋಗಿಗಳ ಲೆಕ್ಕವನ್ನು ಒಪ್ಪವಾಗಿ ಬರೆದು ಬ್ರಿಟಿಷ್ ಹಾರ್ಟ್ ಜರ್ನಲ್‌ಗೆ ಕಳಿಸಿದರು. 1949ರಲ್ಲಿ ಅದು ಪ್ರಕಟವಾಯಿತು. ಒಟ್ಟು ಆರು ಪುಟ. ಮಾತ್ರೆ ಕೊಡುವ ಮೊದಲು ಒತ್ತಡ ಎಷ್ಟಿತ್ತು, ಕೊಟ್ಟ ಮೇಲೆ ಎಷ್ಟಾಯಿತು, ಎಷ್ಟು ಜನರಲ್ಲಿ ಇಳಿಯಿತು, ಎಷ್ಟು ಜನರಲ್ಲಿ ಇಳಿಯಲಿಲ್ಲ ಎಂಬ ಲೆಕ್ಕ ಅದರ ಜೀವಾಳ. ಹೆಚ್ಚಿನವರಲ್ಲಿ ಒತ್ತಡ ಇಳಿದಿತ್ತು.

ಇದನ್ನು ಓದಿದಾಗ ನನಗೆ ಮೊದಲು ನಿರಾಸೆಯಾಯಿತು. ಬರೀ 50 ಜನ, ಬರೀ ಆರು ಪುಟ. ಗಿಡವನ್ನು ಅವರು ಕಂಡುಹಿಡಿಯಲಿಲ್ಲ, ಮಾತ್ರೆಯನ್ನು ಅವರು ಮಾಡಲಿಲ್ಲ. ಹಾಗಾದರೆ ಮಾಡಿದ್ದೇನು? ಎರಡನೇ ಸಲ ಓದಿದಾಗ ಉತ್ತರ ಹೊಳೆಯಿತು. ಎಲ್ಲರೂ ಹೇಳುತ್ತಿದ್ದುದನ್ನು ಅವರು ಅಳೆದರು. ಅಳೆದದ್ದನ್ನು ಬೇರೆ ವೈದ್ಯರು ತಮ್ಮ ಊರಿನಲ್ಲಿ ಮತ್ತೆ ಮಾಡಿ ನೋಡುವಂತೆ ಬರೆದರು. ಜಗತ್ತಿನ ಹೃದ್ರೋಗ ತಜ್ಞರು ಓದುವ ಪತ್ರಿಕೆಯಲ್ಲಿ, ತಪ್ಪಿದ್ದರೆ ಎಲ್ಲರೂ ಬೆರಳು ತೋರಿಸಬಹುದಾದ ಜಾಗದಲ್ಲಿ ಇಟ್ಟರು. ಬಾಯಿಮಾತು ಸಾಕ್ಷಿಯಾಗುವುದು ಹೀಗೆ.

ಆ ಆರು ಪುಟಗಳು ಎಲ್ಲೆಲ್ಲಿಗೆ ಹೋದವು ನೋಡಿ. ಅಮೆರಿಕದ ಬಾಸ್ಟನ್ ನಗರದಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ವೈದ್ಯರು ವಕೀಲ್ ಅವರ ಲೇಖನದ ಜಾಡು ಹಿಡಿದು, ಭಾರತದಿಂದ ಬೇರಿನ ಮಾತ್ರೆ ತರಿಸಿ ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದರು. ಅಲ್ಲೂ ಒತ್ತಡ ಇಳಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಅನ್ನು ಬೇರ್ಪಡಿಸಿದರು. ಬೇರಿನ ಪುಡಿಯ ಬದಲು ಒಂದು ಮಿಲಿಗ್ರಾಮಿನ ನಾಲ್ಕನೇ ಒಂದು ಭಾಗದಷ್ಟು ಮದ್ದನ್ನು ಕರಾರುವಾಕ್ಕಾಗಿ ಅಳೆದು ಕೊಡಬಹುದಾಯಿತು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಅದನ್ನು ಪ್ರಯೋಗಾಲಯದಲ್ಲೇ ಪೂರ್ತಿ ತಯಾರಿಸಿ ತೋರಿಸಿದರು. ರಸಾಯನಶಾಸ್ತ್ರದಲ್ಲಿ 1965ರ ನೊಬೆಲ್ ಪಡೆದ ವುಡ್‌ವರ್ಡ್ ಅವರೇ ಇವರು.

ರೆಸರ್ಪಿನ್ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಇನ್ನೂ ದೂರಕ್ಕೆ ಕರೆದುಕೊಂಡು ಹೋಯಿತು. ನಮ್ಮ ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಅವುಗಳಲ್ಲಿ ನಾರ್‌ಅಡ್ರಿನಲಿನ್ ಮೊದಲಾದ ರಾಸಾಯನಿಕಗಳು ತುಂಬಿರುತ್ತವೆ. ನರ ಸಂದೇಶ ಕಳಿಸಿದಾಗ ಅವು ಹೊರಬಂದು ರಕ್ತನಾಳವನ್ನು ಬಿಗಿಗೊಳಿಸುತ್ತವೆ. ರೆಸರ್ಪಿನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ರಕ್ತನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ. ಮೆದುಳಿನಲ್ಲೂ ಇದೇ ಆಗುವುದರಿಂದ ಉದ್ವೇಗದ ಮಾನಸಿಕ ರೋಗಿ ಶಾಂತನಾಗುತ್ತಾನೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರ ಸುಮಾರಿಗೆ ಮೊಲಗಳಿಗೆ ರೆಸರ್ಪಿನ್ ಕೊಟ್ಟು ಅಲುಗಾಡದಂತೆ ಮಾಡಿ, ಎಲ್-ಡೋಪಾ ಕೊಟ್ಟು ಮತ್ತೆ ಓಡಾಡುವಂತೆ ಮಾಡಿದರು. ಮೆದುಳಿನಲ್ಲಿ ಡೋಪಮಿನ್‌ನ ಕೆಲಸ ತಿಳಿದದ್ದು, ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಸಿಕ್ಕಿದ್ದು ಈ ದಾರಿಯಲ್ಲಿ. ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಮುಂಬೈ ಆಸ್ಪತ್ರೆಯ ಬಿ.ಪಿ. ಪಟ್ಟಿಯಿಂದ ಹೊರಟ ದಾರಿ ಸ್ವೀಡನ್ನಿನ ಮೊಲದವರೆಗೆ ಹೋಗಿತ್ತು.

ವಕೀಲ್ ಅವರ ಲೇಖನದಲ್ಲಿ ಕೊರತೆಯೂ ಇತ್ತು. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡುವ ಪದ್ಧತಿ ಆಗಷ್ಟೇ ಹುಟ್ಟುತ್ತಿತ್ತು. ಒತ್ತಡ ಇಳಿಯುತ್ತದೆ ಎಂದು ತೋರಿಸಿದ್ದು ಸರಿ, ಇಳಿದರೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆ ಬಾಕಿ ಇತ್ತು. ಅದಕ್ಕೆ ಉತ್ತರ ಬಂದದ್ದು 1967ರಲ್ಲಿ. ಎಡ್ವರ್ಡ್ ಫ್ರೀಸ್ ಅವರ ನಾಯಕತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 143 ಜನರ ಮೇಲೆ ಅಂಥದೇ ಪರೀಕ್ಷೆ ನಡೆಯಿತು. ಔಷಧದ ಗುಂಪಿಗೆ ಕೊಟ್ಟ ಮೂರು ಮದ್ದುಗಳಲ್ಲಿ ರೆಸರ್ಪಿನ್ ಒಂದು. ಹುಸಿ ಮಾತ್ರೆ ಪಡೆದವರಲ್ಲಿ 27 ಜನರಿಗೆ ಗಂಭೀರ ತೊಂದರೆಯಾಯಿತು, ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಬಿ.ಪಿ.ಯ ಮಾತ್ರೆ ಬಿಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳುವ ಮಾತಿನ ಹಿಂದೆ ಇಂಥ ಲೆಕ್ಕಗಳಿವೆ. 27 ಮತ್ತು 2 ಎಂಬ ಆ ಎರಡು ಅಂಕಿಗಳನ್ನು ಓದಿದ ರಾತ್ರಿ ನಾನು ದಾದಿಯ ಕೈಯನ್ನೇ ನೋಡುತ್ತಾ ಕುಳಿತಿದ್ದೆ.

ವಕೀಲ್ ಅವರಿಗೆ ಮನ್ನಣೆಯೂ ಸಿಕ್ಕಿತು. 1957ರಲ್ಲಿ ಅಮೆರಿಕದ ಆಲ್ಬರ್ಟ್ ಲಾಸ್ಕರ್ ಪ್ರಶಸ್ತಿಯನ್ನು ಪಡೆದವರಲ್ಲಿ ಅವರೂ ಒಬ್ಬರು. ಮನೋವೈದ್ಯರಾದ ನೇಥನ್ ಕ್ಲೈನ್ ಮೊದಲಾದವರು ಅದೇ ಸಾಲಿನಲ್ಲಿದ್ದರು. ಮರುವರ್ಷ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ಆದರೆ ಅವರು ಪ್ರಶಸ್ತಿಯ ನಂತರ ಕೈಕಟ್ಟಿ ಕೂರಲಿಲ್ಲ. ನಮ್ಮ ವೈದ್ಯ ವಿದ್ಯಾರ್ಥಿಗಳು ಪರದೇಶದ ಪುಸ್ತಕಗಳಲ್ಲಿ ಪರದೇಶದ ಕಾಯಿಲೆಗಳನ್ನೇ ಓದುತ್ತಿದ್ದ ಕಾಲದಲ್ಲಿ, ಭಾರತದ ವೈದ್ಯರೇ ಸೇರಿ ಬರೆದ ಎ.ಪಿ.ಐ. ಟೆಕ್ಸ್ಟ್‌ಬುಕ್ ಆಫ್ ಮೆಡಿಸಿನ್ ಎಂಬ ದೊಡ್ಡ ಗ್ರಂಥದ ಮೊದಲ ಸಂಪಾದಕರಾದರು. 1969ರಲ್ಲಿ ಅದರ ಮೊದಲ ಆವೃತ್ತಿ ಬಂತು. ಈಗಲೂ ಹೊಸ ಆವೃತ್ತಿಗಳು ಬರುತ್ತಿವೆ. ನಮ್ಮಲ್ಲಿ ನೀಟ್ ಬರೆದು ವೈದ್ಯರಾಗುವವರು ಮುಂದೆ ಆ ಪುಸ್ತಕವನ್ನು ಹೊತ್ತು ತಿರುಗುವಾಗ ಅವರನ್ನು ನೆನೆಯಲಿ.

1974ರ ನವೆಂಬರ್‌ನಲ್ಲಿ ವಕೀಲ್ ತೀರಿಕೊಂಡರು. ಅದೇ ವರ್ಷ ರೆಸರ್ಪಿನ್ ಸ್ತನ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಸಂದೇಹವನ್ನು ಕೆಲವು ಅಧ್ಯಯನಗಳು ಎತ್ತಿದವು. ನಂತರದ ಅಧ್ಯಯನಗಳು ಅದನ್ನು ಸ್ಥಿರಪಡಿಸಲಿಲ್ಲ. ಆದರೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮನಸ್ಸು ಕುಗ್ಗುವುದು, ಮೂಗು ಕಟ್ಟುವುದು, ಮಂಪರು ಇವೆಲ್ಲ ಮೊದಲೇ ಕಂಡಿದ್ದವು. ಅಷ್ಟರಲ್ಲಿ ಇನ್ನೂ ಒಳ್ಳೆಯ ಮಾತ್ರೆಗಳೂ ಬಂದವು. ಈಗ ರೆಸರ್ಪಿನ್ ಬರೆಯುವ ವೈದ್ಯರು ವಿರಳ. ಇತ್ತ ಬೇರಿಗಾಗಿ ಗಿಡವನ್ನೇ ಕಿತ್ತು ಕಿತ್ತು ಸರ್ಪಗಂಧವೂ ಕಾಡಿನಲ್ಲಿ ಅಪರೂಪವಾಯಿತು. ಈಗ ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿದೆ.

ಔಷಧ ಹಿಂದೆ ಸರಿದರೆ ವಕೀಲ್ ಅವರ ಲೇಖನವೂ ಹಳತಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ರಕ್ತದೊತ್ತಡವನ್ನು ಮಾತ್ರೆಯಿಂದ ಇಳಿಸಬಹುದು ಎಂಬ ಧೈರ್ಯ ವೈದ್ಯರಿಗೆ ಬರುವಲ್ಲಿ ಆ ಲೇಖನದ ಪಾಲು ದೊಡ್ಡದು. ಒಂದು ಬರಹದ ಪ್ರಭಾವವನ್ನು ಅದರ ಪುಟಗಳಿಂದ ಅಳೆಯಲಾಗದು. ಅದನ್ನು ಹಿಡಿದು ಮುಂದೆ ಹೋದವರು ಎಷ್ಟು ದೂರ ಹೋದರು ಎಂಬುದರಿಂದ ಅಳೆಯಬೇಕು.

ನಮ್ಮ ಕೊರಟಗೆರೆ ಸೀಮೆಯವರಿಗೆ ಈ ಕಥೆ ಬೇರೆಯವರಿಗಿಂತ ಹೆಚ್ಚು ಬೇಕು. ಸಿದ್ಧರಬೆಟ್ಟ ನಮ್ಮ ಪಕ್ಕದಲ್ಲೇ ಇದೆ. ಔಷಧಿ ಗಿಡಗಳಿಗೆ ಹೆಸರಾದ ಬೆಟ್ಟ ಅದು. ಅಲ್ಲಿನ ಬೇರು, ತೊಗಟೆಗಳ ಬಗ್ಗೆ ನಮ್ಮ ಹಿರಿಯರಿಗೆ ತಿಳಿದಿರುವುದನ್ನು ನಗುವುದು ತಪ್ಪು ಎಂದು ನಾನೀಗ ಒಪ್ಪುತ್ತೇನೆ. ತರಗತಿಯಲ್ಲಿ ಅಂದ ಮಾತನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅಜ್ಮಲ್ ಖಾನ್, ಸಿದ್ದೀಕಿ, ಸೇನ್, ಬೋಸ್, ವಕೀಲ್ ಯಾರೂ ಬೇರನ್ನು ನೋಡಿ ನಗಲಿಲ್ಲ. ಹಾಗೆಂದು ಕಣ್ಣು ಮುಚ್ಚಿ ನಂಬಲೂ ಇಲ್ಲ.

ದಾದಿಗೆ ಬಂದ ಪೊಟ್ಟಣದ ಮೇಲೆ ಹೆಸರಿರಲಿಲ್ಲ, ತೂಕವಿರಲಿಲ್ಲ, ಯಾವ ಬೆಟ್ಟದ ಬೇರು ಎಂದಿರಲಿಲ್ಲ. ಜಾಗ ಬದಲಾದರೆ ಔಷಧದ ಶಕ್ತಿ ಬದಲಾಗುತ್ತದೆ ಎಂದು ನಮ್ಮ ಪಾಠದ ಆ ಒಂದು ವಾಕ್ಯ ಹೇಳುವುದು ಇದನ್ನೇ. ಒಂದು ಚಮಚದಲ್ಲಿ ಏನೂ ಇಲ್ಲದಿರಬಹುದು, ಇನ್ನೊಂದು ಚಮಚದಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಇರಬಹುದು. ಎಲ್ಲಕ್ಕಿಂತ ದೊಡ್ಡ ತಪ್ಪು ಪೊಟ್ಟಣ ಕೊಟ್ಟವರದೂ ಅಲ್ಲ, ದಾದಿಯದೂ ಅಲ್ಲ. ಆ ನಲವತ್ತು ದಿನದಲ್ಲಿ ನಮ್ಮಲ್ಲಿ ಒಬ್ಬರೂ ಒಂದು ಸಲವೂ ಅವರ ಬಿ.ಪಿ. ನೋಡಿಸಲಿಲ್ಲ. ವಿಜ್ಞಾನ ಓದುವ ನಾನು ಅದೇ ಮನೆಯಲ್ಲಿದ್ದೆ.

ನಿಮ್ಮ ಮನೆಯಲ್ಲೂ ದಾದಿ, ನಾನಿ, ಅಜ್ಜಿ, ತಾತ ಇದ್ದಾರೆ. ಬಿ.ಪಿ. ಏರಿದರೂ ಎಷ್ಟೋ ಸಲ ನೋವು ತೋರಿಸುವುದಿಲ್ಲ. ಆರಾಮಾಗಿದ್ದೇನೆ ಎಂಬ ಮಾತನ್ನು ನಂಬಿ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಳೆಸಿ. ಮಾತ್ರೆ ಬದಲಿಸಬೇಕೆನಿಸಿದರೆ ವೈದ್ಯರನ್ನೇ ಕೇಳಿ.

ಹೋದ ವರ್ಷದ ರಸಾಯನಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಿಗೆ ನಾನು ಗೆರೆ ಹಾಕಿದ್ದೇನೆ. ಒಂದು ಸಾಲಿನಲ್ಲಿ ತಾರೀಖು, ಇನ್ನೊಂದರಲ್ಲಿ ಮೇಲಿನ ಅಂಕಿ, ಮತ್ತೊಂದರಲ್ಲಿ ಕೆಳಗಿನ ಅಂಕಿ. ಪ್ರತಿ ತಿಂಗಳು ಮಾತ್ರೆ ತರುವ ದಿನ ದಾದಿಯ ಜೊತೆ ಹೋಗಿ ಬರೆದುಕೊಂಡು ಬರುತ್ತೇನೆ. ಕಳೆದ ತಿಂಗಳು 138/84. ವಕೀಲ್ ಅವರ ಪಟ್ಟಿಯಲ್ಲಿ 50 ಹೆಸರುಗಳಿದ್ದವು, ನನ್ನದರಲ್ಲಿ ಒಂದೇ ಇದೆ.